ಹಾರುವ ಮೊದಲೇ ಅಚ್ಚಾದ ವಿಮಾನ

ಇವತ್ತು ಬೆಳಿಗ್ಗೆ ನನ್ನ ಕನ್ನಡಕದ ಕಾಲು ಮುರಿಯಿತು. ಮುರಿಯಿತು ಎನ್ನುವುದಕ್ಕಿಂತ ನಾನೇ ಅದರ ಮೇಲೆ ಕುಳಿತೆ ಎನ್ನುವುದು ವರದಿಯ ದೃಷ್ಟಿಯಿಂದ ಸರಿ. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಎರಡು ಟ್ಯೂಬಿನ ಅಂಟು ತಂದು, ಹಳೆಯ ಪೋಸ್ಟ್ ಕಾರ್ಡಿನ ಮೇಲೆ ಎರಡನ್ನೂ ಸಮಸಮ ಹಿಂಡಿ, ಬೆಂಕಿಕಡ್ಡಿಯಲ್ಲಿ ಕಲಸಿದೆ. ಈ ಅಂಟಿನ ಒಂದು ಟ್ಯೂಬಿಗೆ ವಾಸನೆಯೇ ಇಲ್ಲ. ಇನ್ನೊಂದಕ್ಕೆ ತೊಳೆಯದ ಮೀನುಬುಟ್ಟಿಯ ವಾಸನೆ. ಎರಡೂ ಸೇರಿದ ಮೇಲೆ ಬರುವುದು ಮೂರನೆಯದೇ ಒಂದು ವಾಸನೆ. ಅದು ಮೂಗಿಗೆ ತಾಗಿದ್ದೇ ನಾನು ಕನ್ನಡಕವನ್ನು ಮರೆತು ಶ್ರೀಪತಿಯವರ ಅಂಗಡಿಯ ಮರದ ಸ್ಟೂಲಿನ ಮೇಲೆ ಹೋಗಿ ಕುಳಿತಿದ್ದೆ, ಹತ್ತು ಹನ್ನೆರಡು ವರ್ಷ ಹಿಂದೆ.

ಶ್ರೀಪತಿಯವರದು ಮೋಟಾರ್ ರಿವೈಂಡಿಂಗ್ ಅಂಗಡಿ. ತೋಟಕ್ಕೆ ನೀರು ಹಾಯಿಸುವ ಪಂಪ್‌ಸೆಟ್ಟು, ಅಡಿಕೆಗೆ ಔಷಧಿ ಹೊಡೆಯುವ ಪಂಪು, ಮನೆಯ ಮಿಕ್ಸಿ, ಹೀಗೆ ಸುಟ್ಟುಹೋದದ್ದೆಲ್ಲ ಅಲ್ಲಿಗೆ ಬರುತ್ತಿತ್ತು. ಅವರದೊಂದು ನಿಯಮ: ರಿಪೇರಿಯಾದ ಮೋಟಾರನ್ನು ತಂದವರ ಕಣ್ಣೆದುರು ತಿರುಗಿಸಿ ತೋರಿಸದೆ ಕೊಡುತ್ತಿರಲಿಲ್ಲ. ಕರೆಂಟ್ ಇಲ್ಲದಿದ್ದರೆ ಗಿರಾಕಿ ಕಾಯಬೇಕು. "ಬಸ್ಸು ಹೋಗತ್ತೆ, ಕೊಟ್ಬಿಡಿ ಮಾರಾಯ್ರೆ" ಎಂದರೆ, "ಬಸ್ಸು ನಾಳೆನೂ ಬರತ್ತೆ. ನಾನು ತಿರುಗಿಸಿ ತೋರಿಸಿಲ್ಲ ಇನ್ನೂ" ಎನ್ನುತ್ತಿದ್ದರು. ನಮ್ಮ ಕಡೆಯ ಮಾತಿನಲ್ಲಿ ಇಂಥವರಿಗೆ ಸ್ವಲ್ಪ ತಿಕ್ಕಲು ಎನ್ನುತ್ತಾರೆ, ಪಂಪು ಮಾತ್ರ ಅವರಲ್ಲಿಗೇ ಒಯ್ಯುತ್ತಾರೆ.

ಅವರ ಇನ್ನೊಂದು ತಿಕ್ಕಲು ರಿಮೋಟಿನಲ್ಲಿ ಹಾರುವ ವಿಮಾನ. ಮಕ್ಕಳ ಆಟಿಕೆಯಲ್ಲ. ರೆಕ್ಕೆಯನ್ನು ಬಿಚ್ಚಿ ನೆಟ್ಟಗೆ ನಿಲ್ಲಿಸಿದರೆ ನನ್ನ ಎದೆಯವರೆಗೆ ಬರುವಷ್ಟು ದೊಡ್ಡದು. ಹಗುರ ಮರದ ಪಟ್ಟಿ, ಥರ್ಮೋಕೋಲಿನಂಥ ಹಾಳೆ, ಬ್ಯಾಟರಿ, ಪುಟ್ಟ ಮೋಟಾರು, ಎಲ್ಲವನ್ನೂ ಪಾರ್ಸೆಲ್ಲಿನಲ್ಲಿ ತರಿಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾವೇ ಅಂಟಿಸಿ ಕಟ್ಟುತ್ತಿದ್ದರು. ನಾನು ಆಗ ಒಂದು ಪತ್ರಿಕೆಯ ತಾಲ್ಲೂಕು ವರದಿಗಾರ. ಸುದ್ದಿಯಿಲ್ಲದ ಸಂಜೆ ಅವರ ಸ್ಟೂಲಿನ ಮೇಲೆ ಕೂರುವುದು, ಒಣಗಲು ಇಟ್ಟದ್ದನ್ನು ಬೆರಳಿನಿಂದ ಒತ್ತಿ ನೋಡುವುದು, ಬೈಸಿಕೊಳ್ಳುವುದು, ಇದು ನನ್ನ ದಿನಚರಿ.

"ಅಂಟು ಹಾಕಿದ್ಮೇಲೆ ಮುಟ್ಟಿ ನೋಡಬಾರದು ಮಾರಾಯ್ರೆ. ಮುಟ್ಟಿ ನೋಡಿದ್ದೇ ಬಿಟ್ಟು ಹೋಗೋದು."

"ಗಟ್ಟಿಯಾಯ್ತಾ ಅಂತ ಗೊತ್ತಾಗೋದು ಹೇಗೆ?"

"ಗೊತ್ತಾಗೋದು ಬೇಡ. ನಾಳೆ ಬನ್ನಿ."

ನೀವು ಈ ಕಡೆಯವರಾದರೆ ವಿಮಾನ ಹಾರಿಸುವವನ ಕಷ್ಟ ನಾನು ಹೇಳಬೇಕಾಗಿಲ್ಲ. ಏರಿಸುವುದಕ್ಕೆ ನಮ್ಮಲ್ಲಿ ಬೇಕಾದಷ್ಟು ಆಕಾಶವಿದೆ. ಇಳಿಸುವುದಕ್ಕೆ ನೆಲವಿಲ್ಲ. ಕೊಪ್ಪದಲ್ಲಿ ಯಾವ ಮೈದಾನವೂ ನೂರು ಹೆಜ್ಜೆಗೆ ಒಂದು ಧರೆಯಲ್ಲಿ, ಕಡಿದಾದ ಮಣ್ಣಿನ ಗೋಡೆಯಲ್ಲಿ, ಮುಗಿಯುತ್ತದೆ. ಶ್ರೀಪತಿಯವರ ಮೊದಲ ವಿಮಾನ ಸಿಲ್ವರ್ ಓಕ್ ಮರದ ತುದಿಯಲ್ಲಿ ಉಳಿಯಿತು. ಎರಡನೆಯದನ್ನು ಅಡ್ಡಗದ್ದೆ ಎಂಬ ಊರಿನ ಕೊಯ್ದ ಗದ್ದೆಯಲ್ಲಿ ಇಳಿಸಲು ಹೋಗಿ ಬದುವಿಗೆ ಬಡಿದರು. ರೆಕ್ಕೆ ಹಾರಿ ಪಕ್ಕದ ಕಾಫಿಗಿಡಗಳ ನಡುವೆ ಎಲ್ಲೋ ಬಿದ್ದಿತ್ತು. ವಾರದ ಮೇಲೆ ಆ ಊರಿನವರೊಬ್ಬರು ಅದನ್ನು ತಂದುಕೊಟ್ಟರು. "ನಿಮ್ದೇ ಇರಬೇಕು ಅಂದ್ಕೊಂಡೆ. ಬೇರೆ ಯಾರು ಇಂಥದ್ದು ಬಿಡ್ತಾರೆ?" ಎಂದು ಅವರು ಹೇಳಿದ್ದರಲ್ಲಿ ಹೊಗಳಿಕೆ ಎಷ್ಟಿತ್ತೋ ನನಗೆ ತಿಳಿಯಲಿಲ್ಲ.

ಆ ರೆಕ್ಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಶ್ರೀಪತಿ ಅಂಟಿದ ಮಣ್ಣನ್ನು ಒರೆಸಿದರು. ಆಮೇಲೆ, "ನಮ್ಮ ಕಡೆ ಸಮತಟ್ಟಾಗಿರೋದು ಅಂದ್ರೆ ಒಂದೇ. ನೀರು" ಎಂದರು.

ನರಸಿಂಹರಾಜಪುರದ ಹಿನ್ನೀರು ಅವರ ಮನಸ್ಸಿನಲ್ಲಿತ್ತು. ದೀಪಾವಳಿ ಕಳೆದ ಮೇಲೆ ಅಲ್ಲಿ ನೀರು ತುಂಬಿರುತ್ತದೆ, ಮುಳುಗಿದ ಮರದ ಬೊಡ್ಡೆಗಳು ಆಳದಲ್ಲಿರುತ್ತವೆ, ಬೆಳಗಿನ ಹೊತ್ತು ಗಾಳಿ ಇರುವುದಿಲ್ಲ. ಪಂಪುಗಳು ಸುಡಲು ಇನ್ನೂ ಎರಡು ಮೂರು ತಿಂಗಳು ಇರುವುದರಿಂದ ಅಂಗಡಿಯಲ್ಲಿ ಕೆಲಸವೂ ಕಡಿಮೆ. ಆ ರೆಕ್ಕೆಯನ್ನು ಮತ್ತೆ ಒಡಲಿಗೆ ಸೇರಿಸಿ, ಚಕ್ರ ತೆಗೆದು, ಆ ಜಾಗದಲ್ಲಿ ಎರಡು ಉದ್ದನೆಯ ತೇಲುಗಟ್ಟೆಗಳನ್ನು ಕೂರಿಸುವುದು. ಇಂಗ್ಲಿಷಿನಲ್ಲಿ ಫ್ಲೋಟು. ಪುಟ್ಟ ದೋಣಿಗಳೇ ಅವು. ನೀರಿನ ಮೇಲೆ ಓಡಿ ಏರುವುದು, ನೀರಿಗೇ ಇಳಿಯುವುದು.

ದೋಣಿ ಎಂದ ಮೇಲೆ ಶೇಷಾಚಾರ್ರು. ಹಿನ್ನೀರಿನ ದಂಡೆಯಲ್ಲೇ ಅವರ ಮನೆ, ಮನೆಗೆ ತಾಗಿದ ಕೊಟ್ಟಿಗೆಯಲ್ಲಿ ಮೀನು ಹಿಡಿಯುವವರಿಗೆ ದೋಣಿ ಮಾಡಿಕೊಡುತ್ತಿದ್ದರು. ಶ್ರೀಪತಿ ಫೋನಿನಲ್ಲಿ ನೋಡಿ ಕಾಗದದ ಮೇಲೆ ಇಳಿಸಿಕೊಂಡ ಚಿತ್ರ ಹಿಡಿದು ಹೋದರು. ಆಚಾರ್ರು ಅದನ್ನು ಉದ್ದಕ್ಕೆ ಹಿಡಿದು, ಅಡ್ಡಕ್ಕೆ ಹಿಡಿದು ನೋಡಿ, "ಎಂಥದು ಇದು, ಮರಿದೋಣಿಯಾ? ಯಾರು ಕೂರೋದು ಇದ್ರಲ್ಲಿ?" ಎಂದರು.

"ಯಾರೂ ಕೂರಲ್ಲ ಆಚಾರ್ರೇ. ವಿಮಾನ ಕೂರತ್ತೆ."

"ಓಹೋ. ಅದಕ್ಕೆ ಈಜು ಬರಲ್ವಾ?"

ಚಿತ್ರದಲ್ಲಿ ಒಂದು ವಿಶೇಷವಿತ್ತು. ಮರಿದೋಣಿಯ ತಳ ಮುಂದಿನಿಂದ ನಡುವಿನವರೆಗೆ ನೇರ ಬಂದು, ವಿಮಾನದ ತೂಕ ನಿಲ್ಲುವ ಬಿಂದುವಿನಿಂದ ಸ್ವಲ್ಪ ಹಿಂದೆ ಥಟ್ಟನೆ ಒಂದು ಬೆರಳಿನಷ್ಟು ಒಳಕ್ಕೆ ಕತ್ತರಿಸಿದಂತಿತ್ತು. ಅಲ್ಲಿಂದ ಬಾಲದವರೆಗೆ ಓರೆಯಾಗಿ ಮೇಲೇರುತ್ತಿತ್ತು. ಹೊಟ್ಟೆಯ ಕೆಳಗೊಂದು ಮೆಟ್ಟಿಲು. ಇದು ಏಕೆಂದು ನಾನು ಕೇಳಲಿಲ್ಲ. ಶ್ರೀಪತಿ ವಿವರಿಸಲಿಲ್ಲ. ಆಚಾರ್ರೂ ಕೇಳಲಿಲ್ಲ. ಮೂವರು ಸಮಾಧಾನಿಗಳು ಒಟ್ಟಿಗೆ ಸೇರಿದರೆ ಎಷ್ಟು ಕೆಲಸ ಕೆಡಬಹುದು ಎಂಬುದಕ್ಕೆ ಇದೇ ಆರಂಭ.

ಎರಡು ವಾರದಲ್ಲಿ ಮರಿದೋಣಿಗಳು ಕೊಪ್ಪಕ್ಕೆ ಬಂದವು. ಬೂರುಗದ ಮರ, ಒಳಗೆ ತೋಡಿ ಟೊಳ್ಳು ಮಾಡಿ, ಮೇಲೆ ತೆಳುವಾದ ಮುಚ್ಚಳ, ನೀಲಿ ಬಣ್ಣ. ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಅನಿಸದು, ಅಷ್ಟು ಹಗುರ. ಶ್ರೀಪತಿ ಒಂದನ್ನು ಮಗುಚಿ ತಳದ ಮೇಲೆ ಅಂಗೈ ಆಡಿಸಿದರು. ನನಗೆ ಕೊಟ್ಟರು, ನಾನೂ ಆಡಿಸಿದೆ. ಮೂತಿಯಿಂದ ಬಾಲದವರೆಗೆ ಎಲ್ಲೂ ತಡೆಯಿಲ್ಲ.

"ಮೆಟ್ಟಿಲು?" ಎಂದೆ.

ಶ್ರೀಪತಿ ಮರಿದೋಣಿಯನ್ನು ನನ್ನಿಂದ ತೆಗೆದುಕೊಂಡು, "ನೀರಿನ ವಿಷಯ ಅವರಿಗೆ ಗೊತ್ತಿರತ್ತೆ" ಎಂದರು. ಆಚಾರ್ರ ಕೆಲಸದಲ್ಲಿ ಇದು ಬಿಟ್ಟಿದೆ ಎಂದು ಹೇಳುವ ನಾಲಿಗೆ ಈ ಸೀಮೆಯಲ್ಲಿ ಯಾರಿಗೂ ಇರಲಿಲ್ಲ.

ಕೂರಿಸುವ ಕೆಲಸ ಮೂರು ಸಂಜೆ ನಡೆಯಿತು. ಮರಿದೋಣಿಗೂ ವಿಮಾನಕ್ಕೂ ನಡುವಿನ ಕಾಲುಗಳಿಗೆ ಅವರು ಬಳಸಿದ್ದು ಅಡಿಕೆಗೆ ಔಷಧಿ ಹೊಡೆಯುವ ಕಾರ್ಬನ್ ದೋಟಿಯ ಮುರಿದ ತುಂಡು. ಮರ ಹತ್ತದೆ ನೆಲದಲ್ಲೇ ನಿಂತು ಗೊನೆಗೆ ಔಷಧಿ ಮುಟ್ಟಿಸಲು ಬಂದಿರುವ ಆ ಉದ್ದನೆಯ ಕಪ್ಪು ಕೋಲು ಕಬ್ಬಿಣದಷ್ಟು ಗಟ್ಟಿ, ಬಿದಿರಿಗಿಂತ ಹಗುರ. ಸಿಗ್ನಲ್ ಹಿಡಿಯುವ ಪೆಟ್ಟಿಗೆ ಒದ್ದೆಯಾಗದಿರಲಿ ಎಂದು ಅದನ್ನೊಂದು ಹುಟ್ಟುಹಬ್ಬದ ಬಲೂನಿನೊಳಗೆ ತುರುಕಿ ಬಾಯಿ ಕಟ್ಟಿದರು. ತಿರುಪು ಹಾಕಿದ ಕಡೆಯೆಲ್ಲ ಎರಡು ಟ್ಯೂಬಿನ ಅಂಟು. ನಾನು ಮುಟ್ಟಿದೆ. ಬೈದರು.

ಇನ್ನು ನನ್ನ ಭಾಗ.

ವರದಿಗಾರಿಕೆಯಲ್ಲಿ ಆಹ್ವಾನ ಪತ್ರಿಕೆ ನೋಡಿ ಸುದ್ದಿ ಬರೆಯುವ ಒಂದು ಪದ್ಧತಿಯಿದೆ. ಕಾರ್ಯಕ್ರಮ ಸಂಜೆಗಿದ್ದರೆ ಮಧ್ಯಾಹ್ನವೇ "ಉದ್ಘಾಟಿಸಿ ಮಾತನಾಡಿದರು" ಎಂದು ಕಳಿಸಿಬಿಡುವುದು. ಬರಬೇಕಾದವರು ಬಾರದೆ, ಮಳೆಗೆ ಪೆಂಡಾಲು ಬಿದ್ದು, ಆದರೂ ಮರುದಿನ ಪತ್ರಿಕೆಯಲ್ಲಿ ಅವರು ಮಾತನಾಡಿರುವುದನ್ನು ನಾನು ಕಂಡಿದ್ದೇನೆ. ಹಾಗೆ ಬರೆಯುವವರನ್ನು ನಾನು ತಮಾಷೆ ಮಾಡುತ್ತಿದ್ದೆ, ಅವರ ಎದುರಿಗೇ. ನಾನು ನೋಡದೆ ಬರೆದವನಲ್ಲ ಎಂಬುದು ನನ್ನ ಒಂದೇ ಆಸ್ತಿ.

ವಿಮಾನವನ್ನು ಹಿನ್ನೀರಿಗೆ ಒಯ್ಯುವುದೆಂದು ಶನಿವಾರ ಬೆಳಿಗ್ಗೆ ನಿಗದಿಯಾಗಿತ್ತು. ಭಾನುವಾರದ ಪುಟಕ್ಕೆ ಒಳ್ಳೆಯ ಬರಹ. ಆದರೆ ಆ ಪುಟ ಗುರುವಾರವೇ ಮುಚ್ಚುತ್ತದೆ. ಇನ್ನೊಂದು ವಾರ ಕಾಯಬಹುದಿತ್ತು. ಕಾಯಲಿಲ್ಲ. ಗುರುವಾರ ಸಂಜೆ ಅಂಗಡಿಯ ಮೇಜಿನ ಮೇಲೆ ನಿಂತಿದ್ದ ವಿಮಾನದ ಫೋಟೋ ತೆಗೆದು, ಇನ್ನೂ ಬಾರದ ಶನಿವಾರದ ಬಗ್ಗೆ ಬರೆದೆ: ಹಿನ್ನೀರಿನ ಮೇಲೆ ಓಡಿದ ವಿಮಾನವು ಬಿಳಿಯ ಗೆರೆ ಎಳೆದು ಆಕಾಶಕ್ಕೆ ಏರಿತು. ಶೇಷಾಚಾರ್ರ ಹೆಸರು ಹಾಕಿದೆ. "ಕನ್ನಡಿಯಂತೆ ನುಣುಪಾದ ತಳ" ಎಂದು ಹೊಗಳಿದೆ. ಹಾರದೇ ಇರಬಹುದು ಎಂಬ ಯೋಚನೆ ಬಂದಿತ್ತೇ ಎಂದು ನೀವು ಕೇಳಬಹುದು. ಬಂದಿತ್ತು. ನನ್ನ ವಾಕ್ಯ ಚೆನ್ನಾಗಿತ್ತು, ಅಷ್ಟೇ.

ಶನಿವಾರ ವಿಮಾನ ಹಾರಲಿಲ್ಲ.

ಓಡಿತು. ಬಿಳಿಯ ಗೆರೆಯನ್ನೂ ಎಳೆಯಿತು, ನಾನು ಬರೆದ ಹಾಗೆಯೇ. ಆದರೆ ಏಳಲಿಲ್ಲ. ಶ್ರೀಪತಿ ರಿಮೋಟಿನ ಕಡ್ಡಿ ಎಳೆದರೆ ಮೂತಿ ಎತ್ತುತ್ತಿತ್ತು, ಬಾಲ ನೀರಿಗೆ ಇನ್ನಷ್ಟು ಕೂರುತ್ತಿತ್ತು. ಎಳೆದಷ್ಟೂ ಕೂರುತ್ತಿತ್ತು. ಮೂರನೆಯ ಸಲ ನಡುನೀರಿನಲ್ಲಿ ಬ್ಯಾಟರಿ ಮುಗಿದು ನಿಂತುಬಿಟ್ಟಿತು. ಆಚಾರ್ರು ದೋಣಿ ಹಾಕಿಕೊಂಡು ಹೋಗಿ, ಅದನ್ನು ಕೋಳಿಯಂತೆ ಕಂಕುಳಲ್ಲಿ ಹಿಡಿದು ತಂದರು.

"ಒಳ್ಳೇ ದೋಣಿ ಇದು. ರೆಕ್ಕೆ ಒಂದು ಹೆಚ್ಚಾಯ್ತು" ಎಂದರು.

ಶ್ರೀಪತಿ ನಕ್ಕರು. ನನಗೆ ನಗು ಬರಲಿಲ್ಲ. ಸ್ವಲ್ಪ ದೂರ ಹೋಗಿ, ಸಿಗ್ನಲ್ ಸಿಗುವ ದಿಬ್ಬ ಹತ್ತಿ, ಪತ್ರಿಕೆಯ ಡೆಸ್ಕಿಗೆ ಫೋನ್ ಮಾಡಿದೆ.

"ಪುಟ ಹೋಯ್ತಲ್ಲ ಸಾರ್" ಎಂದಿತು ಆ ಕಡೆಯ ದನಿ. "ಹಾರಲಿಲ್ವಾ? ಇರಲಿ ಬಿಡಿ, ಫೋಟೋ ಚೆನ್ನಾಗಿ ಬಂದಿದೆ."

ದಿಬ್ಬ ಇಳಿದು ಬಂದು ಇಬ್ಬರಿಗೂ ಹೇಳಿದೆ. ಆಚಾರ್ರು ಗಟ್ಟಿಯಾಗಿ ನಕ್ಕು, "ಹಂಗಾರೆ ನಮಗಿಂತ ಮೊದ್ಲು ಪೇಪರ್‌ನೋರು ಹಾರಿಸಿದ್ರು ಅನ್ನಿ" ಎಂದರು. ಶ್ರೀಪತಿ ಮಾತ್ರ ರೆಕ್ಕೆಯ ತಿರುಪು ಬಿಚ್ಚುತ್ತಲೇ ಇದ್ದರು.

ಭಾನುವಾರ ಅಂಗಡಿಗೆ ಬಂದವರೆಲ್ಲ ಅವರ ಕೈ ಕುಲುಕಿದರು. ಸೋಮವಾರ ಸೀತೂರಿನಿಂದ ಪಂಪು ತಂದವರೊಬ್ಬರು ಅದನ್ನು ಇಳಿಸುವ ಮೊದಲು ಪತ್ರಿಕೆಯ ತುಂಡು ತೆಗೆದು ತೋರಿಸಿದರು. "ಎಷ್ಟು ಎತ್ತರ ಹೋಯ್ತು ಮಾರಾಯ್ರೆ?" ಶ್ರೀಪತಿ ಅವರನ್ನು ನೋಡಿದರು, ನನ್ನನ್ನು ನೋಡಿದರು, "ಪಂಪು ಎಲ್ಲಿ, ತನ್ನಿ" ಎಂದರು. ಪಂಪು ತಂದವರು ಹೋದ ಮೇಲೆ ಶ್ರೀಪತಿ ಬಾಗಿಲು ಅರ್ಧ ಎಳೆದರು. ಅವರು ಹಗಲಿನಲ್ಲಿ ಬಾಗಿಲು ಎಳೆದದ್ದನ್ನು ನಾನು ಅದೇ ಮೊದಲು ಕಂಡದ್ದು.

"ಹೌದು ಅಂತ ಹೇಳೋಕೆ ನನಗೆ ಬರಲ್ಲ. ಇಲ್ಲ ಅಂದ್ರೆ ನಿಮ್ಮ ಮರ್ಯಾದೆ ಹೋಗತ್ತೆ. ಎಂತ ಮಾಡೋದು ಹೇಳಿ."

"ತಿದ್ದುಪಡಿ ಹಾಕ್ತೀನಿ" ಎಂದೆ. ನಾಲ್ಕು ಸಾಲು. ಬರೆದು ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಓದಿ ತೋರಿಸಿದೆ: ವಿಮಾನವು ಹಾರಲಿಲ್ಲ, ತಪ್ಪಿಗೆ ವಿಷಾದಿಸುತ್ತೇವೆ.

ಅವರು ಪೂರ್ತಿ ಕೇಳಿದರು. "ಇದನ್ನ ಯಾವಾಗ ಕಳಿಸಬೇಕು?"

"ಗುರುವಾರದೊಳಗೆ."

"ಬುಧವಾರದವರೆಗೆ ತಡೀರಿ. ಬುಧವಾರನೂ ಏಳದಿದ್ರೆ ಕಳಿಸಿ. ನಾನು ತಿರುಗಿಸಿ ತೋರಿಸದೇ ಇದ್ದದ್ದು ಜೀವಮಾನದಲ್ಲಿ ಇದೊಂದೇ. ಅದೂ ಅಚ್ಚಾಗಿ ಊರೆಲ್ಲ ಹಂಚಿ ಹೋಯ್ತು."

ಮಂಗಳವಾರ ಬೆಳಿಗ್ಗೆ ಅವರ ಹಳೆಯ ವ್ಯಾನಿನಲ್ಲಿ ಮತ್ತೆ ನರಸಿಂಹರಾಜಪುರದ ದಾರಿ. ವಿಮಾನದ ಒಡಲು ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಶ್ರೀಪತಿ ಆಚಾರ್ರಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಿದ್ದರು. "ಮೆಟ್ಟಿಲು ಇದ್ದಿದ್ರೆ ಹೇಗೋ ಏನೋ ಅಂತ ಒಂದು ಯೋಚನೆ ಬಂತು ಆಚಾರ್ರೇ, ಅಂದ್ರೆ ಹೇಗೆ?" ಎಂದು ನನ್ನನ್ನೇ ಕೇಳಿದರು. "ಸ್ವಲ್ಪ ಉದ್ದ ಆಯ್ತು" ಎಂದೆ. ಎಲ್ಲವನ್ನೂ ಕತ್ತರಿಸುವ ಡೆಸ್ಕಿನವರ ಸಹವಾಸ.

ಕೊನೆಗೆ ಅದನ್ನು ಹೇಳಬೇಕಾಗಿಯೇ ಬರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಆಚಾರ್ರೇ ಕೇಳಿದರು: "ನಿಮ್ಮ ಚಿತ್ರದಲ್ಲಿ ತಳದ ಹತ್ರ ಒಂದು ಕೊಚ್ಚು ಇತ್ತಲ್ಲ, ಅದು ಬೇಕು ಅಂತ ಹಾಕಿದ್ದಾ, ಕೈತಪ್ಪಾ?"

"ಬೇಕು ಅಂತ."

"ಅಯ್ಯೋ! ನಾನು ಅದನ್ನ ಚಿತ್ರದಲ್ಲಿದ್ದ ಹಂಗೇ ಮಾಡಿದ್ದೆ ಮಾರಾಯ್ರೆ. ಆಮೇಲೆ ಅಂಗೈ ಆಡಿಸಿದೆ, ತಡೀತು. ನಮ್ಮ ಅಪ್ಪನ ಕಾಲದಿಂದ ಅಂಗೈ ತಡೆಯೋ ದೋಣಿ ಈ ಕೊಟ್ಟಿಗೆಯಿಂದ ಹೊರಗೆ ಹೋಗಿಲ್ಲ. ಪಾಪ, ಇವರಿಗೆ ಚಿತ್ರ ಬರೆಯೋವಾಗ ಕೈ ತಪ್ಪಿದೆ, ಹೇಳಿದ್ರೆ ಬೇಜಾರು ಮಾಡ್ಕೋತಾರೆ ಅಂತ ರಾಳ, ಮರದ ಹೊಟ್ಟು ಕಲಸಿ ನಾನೇ ತುಂಬಿಸಿ ಬಣ್ಣ ಹೊಡೆದೆ."

"ನಾನು ನೋಡಿದ್ದೆ, ಇಲ್ಲ ಅಂತ" ಎಂದರು ಶ್ರೀಪತಿ. "ನೀವು ಬೇಜಾರು ಮಾಡ್ಕೋತೀರಿ ಅಂತ ಹೇಳಲಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಅಷ್ಟು ಜೋಪಾನ ಮಾಡಿದ್ದರಿಂದ ವಿಮಾನ ನೀರಿಗೆ ಅಂಟಿಕೊಂಡಿತ್ತು. ನನ್ನ ಮರ್ಯಾದೆಯನ್ನು ಕಾಯಲು ಶ್ರೀಪತಿ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರು. ಒರಟರ ಊರಿನಲ್ಲಾಗಿದ್ದರೆ ಇದು ಮೊದಲ ವಾರವೇ ಹಾರುತ್ತಿತ್ತು.

ಆಚಾರ್ರು ಬಾನಿಯ ನೀರಿನ ಮೇಲೆ ನುಣುಪಾದ ಒಂದು ಹಲಗೆ ಮಲಗಿಸಿ ಎತ್ತಿದರು. ನೀರು ಅದನ್ನು ಚಪ್ ಎಂದು ಹಿಡಿದುಕೊಂಡು ಆಮೇಲೆ ಬಿಟ್ಟಿತು. ಮತ್ತೆ ಮಲಗಿಸಿ ಎತ್ತಿದರು. ಮತ್ತೆ ಅದೇ ಸದ್ದು.

"ನೋಡಿ. ನುಣುಪಾದಷ್ಟೂ ನೀರು ಹಿಡ್ಕೊಳತ್ತೆ. ದೋಣಿ ಅಂದ್ರೆ ನೀರು ಬಿಡಬಾರದು. ಇದು ಬಿಡಬೇಕು. ಬಾಲದ ಅಡಿಗೆ ಗಾಳಿ ನುಗ್ಗಲಿ ಅಂತ ಆ ಕೊಚ್ಚು. ಇಷ್ಟೇಯ? ಮೊದ್ಲೇ ಹೇಳಬಾರದಿತ್ತಾ?"

"ನೀವು ಕೇಳಬಾರದಿತ್ತಾ?"

ಮರಿದೋಣಿಯನ್ನು ಮಗುಚಿ, ಮಂಡಿಗಳ ನಡುವೆ ಹಿಡಿದು, ಉಳಿ ಇಟ್ಟರು. ಇಟ್ಟವರು ಕೊಡತಿ ಎತ್ತಲಿಲ್ಲ. ಐವತ್ತು ವರ್ಷ ತಳ ನುಣುಪು ಮಾಡಿದ ಕೈ ಅದು. ಬೇಕೆಂದೇ ಒಂದು ತಡೆ ಮಾಡುವುದು ಅದಕ್ಕೆ ಸಲೀಸಾಗಿ ಬರುತ್ತಿರಲಿಲ್ಲ. "ಅಪ್ಪ ಇದ್ದಿದ್ರೆ ಉಳಿ ಕಸ್ಕೊಂಡು ಬೆನ್ನಿಗೆ ಹಾಕ್ತಿದ್ರು" ಎಂದು ಯಾರಿಗೋ ಎನ್ನುವಂತೆ ಹೇಳಿ, ಹೊಡೆದರು. ನೀಲಿ ಬಣ್ಣದ ಕೆಳಗಿನಿಂದ ರಾಳದ ತುಂಡು ಪೂರ್ತಿಯಾಗಿ ಕಳಚಿ ಬಂತು. ಎರಡೂ ಮುಗಿದ ಮೇಲೆ ಅಂಗೈ ಆಡಿಸಿದರು. ನಡುವಿನಲ್ಲಿ ಕೈ ನಿಂತಿತು.

"ತಡೀತು" ಎಂದರು. "ಸರಿಯಾಯ್ತು."

ಬುಧವಾರ ಬೆಳಿಗ್ಗೆ ಹಿನ್ನೀರಿನ ಮೇಲೆ ಸ್ವಲ್ಪ ಮಂಜಿತ್ತು. ಅದು ಏಳುವವರೆಗೆ ಕಾದೆವು. ಜೇಬಿನಲ್ಲಿ ತಿದ್ದುಪಡಿಯ ಚೀಟಿ ಇದೆಯೇ ಎಂದು ನಾನು ಎರಡು ಸಲ ನೋಡಿಕೊಂಡೆ. ಶ್ರೀಪತಿ ಮೊಣಕಾಲವರೆಗೆ ನೀರಿಗಿಳಿದು ವಿಮಾನವನ್ನು ತೇಲಿಬಿಟ್ಟರು. ಮೋಟಾರು ಮೊರೆಯಿತು. ಮೊದಲು ಶನಿವಾರದ ಹಾಗೆಯೇ: ನೊರೆ, ಬಿಳಿಯ ಗೆರೆ, ನೀರು ಸೀಳುವ ಸರಸರ. ಆಮೇಲೆ ವಿಮಾನ ಇಡಿಯಾಗಿ ಸ್ವಲ್ಪ ಎತ್ತರಕ್ಕೆ ಬಂದು, ಮೆಟ್ಟಿಲಿನ ಮೇಲೆ ನಿಂತು ಓಡಿತು. ಬಾಲ ನೀರಿನಿಂದ ಮೇಲಿತ್ತು. ಅದು ಏರಿದ್ದನ್ನು ನಾನು ಮೊದಲು ನೋಡಲಿಲ್ಲ, ಕೇಳಿದೆ. ನೀರಿನ ಸದ್ದು ನಿಂತುಹೋಯಿತು. ಮೋಟಾರಿನದೊಂದೇ ಉಳಿಯಿತು.

ಎರಡು ಸುತ್ತು. ಎರಡನೆಯ ಸುತ್ತಿನಲ್ಲಿ ಅದು ನಮ್ಮ ತಲೆಯ ಮೇಲೆ ಬಂದಾಗ ನೀಲಿ ಹೊಟ್ಟೆಗಳ ಮಧ್ಯಭಾಗದಲ್ಲಿ ಎರಡು ಕೊಚ್ಚುಗಳು ಸ್ಪಷ್ಟವಾಗಿ ಕಂಡವು. ಆಚಾರ್ರು ಹಣೆಗೆ ಕೈ ಹಿಡಿದು ಅದನ್ನೇ ನೋಡುತ್ತಿದ್ದರು. ಇಳಿಸುವಾಗ ನೀರು ಒಂದು ಸಲ ಪುಟಿಸಿತು, ಎರಡನೆಯ ಸಲ ಹಿಡಿದುಕೊಂಡಿತು. ಶ್ರೀಪತಿ ನೀರಿನಿಂದ ಮೇಲೆ ಬಂದರು. ರಿಮೋಟನ್ನು ದಂಡೆಯ ಕಲ್ಲಿನ ಮೇಲಿಟ್ಟು, ನನ್ನ ಕಡೆ ತಿರುಗಿ, ಪಂಪು ತಂದವರಿಗೆ ಹೇಳುವ ದನಿಯಲ್ಲೇ ಹೇಳಿದರು:

"ತಿರುಗಿಸಿ ತೋರಿಸಿದ್ದೀನಿ. ನೋಡ್ಕೊಳ್ಳಿ."

ಫೋಟೋ ತೆಗೆಯಲು ನನಗೆ ನೆನಪಾಗಲಿಲ್ಲ. ತಿದ್ದುಪಡಿಯನ್ನೂ ಕಳಿಸಲಿಲ್ಲ. ಹಾರಿತಲ್ಲ, ಇನ್ನೇಕೆ ಎಂದುಕೊಂಡೆ. ಹೀಗಾಗಿ ನಮ್ಮ ಪತ್ರಿಕೆಯ ಕಡತದಲ್ಲಿ ಆ ವಿಮಾನ ಹಾರದ ದಿನ ಹಾರಿದೆ, ಹಾರಿದ ದಿನದ ಬಗ್ಗೆ ಒಂದಕ್ಷರವಿಲ್ಲ. ನಿಜ ನಾಲ್ಕು ದಿನ ತಡವಾಗಿ ಬಂದು ನನ್ನ ಸುಳ್ಳಿನ ಪಕ್ಕದಲ್ಲಿ ನಿಂತಿತು, ಅಷ್ಟೇ. ಸುಳ್ಳನ್ನು ಅಳಿಸಲಿಲ್ಲ. ಆಗಿದ್ದಕ್ಕೂ ಬರೆದದ್ದಕ್ಕೂ ನಡುವೆ ಒಂದು ಬೆರಳಿನಷ್ಟಾದರೂ ಗಾಳಿ ಇರಬೇಕೆಂದು ನನಗೆ ಕಲಿಸಿದ್ದು ಯಾವ ಸಂಪಾದಕರೂ ಅಲ್ಲ, ಆ ಕೊಚ್ಚು. ಅದಾದ ಮೇಲೆ ನಾನು ಆಗದೇ ಇದ್ದುದನ್ನು ಬರೆಯಲಿಲ್ಲ. ಆ ಒಂದು ಸುಳ್ಳನ್ನು ಮಾತ್ರ ಓದುಗರಿಗೆ ಹೇಳದೆ ಇಟ್ಟುಕೊಂಡೆ.

ಇಂದು ಕನ್ನಡಕದ ಕಾಲನ್ನು ಕೂಡಿಸಿ, ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಸಿಟ್ಟ ಮೇಲೆ ಶ್ರೀಪತಿಯವರಿಗೆ ಫೋನ್ ಮಾಡಿದೆ. ಅಂಗಡಿಯನ್ನು ಈಗ ಬೇರೆಯವರು ನೋಡಿಕೊಳ್ಳುತ್ತಾರೆ. ಇವರು ಮಧ್ಯಾಹ್ನದವರೆಗೆ ಹೋಗಿ ಕುಳಿತು ಬರುತ್ತಾರೆ. ಆ ಶನಿವಾರದ ವಿಷಯ ಬರೆಯಬೇಕೆಂದಿದ್ದೇನೆ, ನಿಮ್ಮ ಅಭ್ಯಂತರ ಇದೆಯೇ ಎಂದೆ.

"ಬರೀರಿ" ಎಂದರು. "ಆಚಾರ್ರದ್ದು ತಪ್ಪು ಅಂತ ಬರೀಬೇಡಿ. ಅವರು ಮೊದ್ಲು ಮೆಟ್ಟಿಲು ಸರಿಯಾಗೇ ಮಾಡಿದ್ರು."

"ಅದನ್ನೂ ಬರೀತೀನಿ."

"ಅಂತೂ ಈ ಸಲ ಆದ್ಮೇಲೆ ಬರೀತಿದ್ದೀರಲ್ಲ. ಅಷ್ಟು ಸಾಕು ಮಾರಾಯ್ರೆ."

ಆದ್ದರಿಂದ, ತಡವಾಗಿಯಾದರೂ: ಶನಿವಾರ ಹಾರಲಿಲ್ಲ. ಬುಧವಾರ ಹಾರಿತು. ತಳ ಕನ್ನಡಿಯಂತೆ ನುಣುಪಾಗಿರಲಿಲ್ಲ, ನಡುವೆ ಅಂಗೈ ತಡೆಯುತ್ತಿತ್ತು.

ಇಷ್ಟನ್ನು ಹಳೆಯ ಕನ್ನಡಕದಲ್ಲಿ, ಅಕ್ಷರಗಳು ಸ್ವಲ್ಪ ಮಸುಕಾಗಿಯೇ ಕಾಣುತ್ತಿರುವಾಗ ಬರೆದೆ. ಅಂಟು ಹಾಕಿದ ಹೊಸದು ಎದುರಿಗೆ, ಪುಸ್ತಕಗಳ ನಡುವೆ ಇದೆ. ಗಟ್ಟಿಯಾಗಿದೆಯೋ ಇಲ್ಲವೋ ಗೊತ್ತಿಲ್ಲ. ನಾನು ಮುಟ್ಟಿ ನೋಡಿಲ್ಲ.